ಹಸಿರು ಬಣ್ಣದ ಊರು

ಲಾ ಪ್ಯೆದ್ರೋನಾ
ಫೆಬ್ರವರಿ 25, 2001

ಪ್ರೀತಿಯ ತಂಗಿ ಲಿಂದಾಗೆ,

ಇಲ್ಲಿ ನಾವೆಲ್ಲ ಇದ್ದೀವಿ. ಚೆನ್ನಾಗಿದ್ದೀವಿ ಅಂತ ಬರೆಯೋಕೆ ಹೋದೆ, ಪಕ್ಕದಲ್ಲಿ ಚಾಪೆ ಹೆಣೀತಿದ್ದ ಅತ್ತೆ "ದೇವರ ಮುಂದೆ ಸುಳ್ಳು ಯಾಕೆ, ಇದ್ದೀವಿ ಅಂತಷ್ಟೇ ಬರಿ ಸಾಕು" ಅಂದರು. ಅದಕ್ಕೇ ಇದ್ದೀವಿ.

ಮೊದಲು ಒಳ್ಳೇ ಸುದ್ದಿ. ಕಾಂದೆಲಾರಿಯಾ ಹಬ್ಬದ ಮಾರನೇ ದಿನ ನನಗೆ ಹೆಣ್ಣುಮಗು ಆಯ್ತು. ನ್ಯೆವೆಸ್ ಅಂತ ಹೆಸರಿಟ್ಟಿದ್ದೀವಿ. ಮೂಗು ನಿನ್ನದೇ. ಪಾಪ, ಏನು ಮಾಡೋಕಾಗುತ್ತೆ! ತಿನೋ ಮಾತ್ರ ಮಗೂನ ನೋಡಿ ಮುಖ ಊದಿಸಿಕೊಂಡ. "ಇದು ಯಾರ್ದಮ್ಮಾ? ಅವರಿಗೇ ವಾಪಸ್ ಕೊಟ್ಬಿಡು" ಅಂದ. ಮೂರು ತುಂಬದ ಹುಡುಗ, ಮಾತು ನೋಡು. ಎದೆಹಾಲು ಬಿಡಿಸಿದ್ದಕ್ಕೆ ಇನ್ನೂ ಸಿಟ್ಟು ಹೋಗಿಲ್ಲ. ಬಂದು ನನ್ನ ತೊಡೆ ಮೇಲೆ ತಲೆ ಇಡ್ತಾನೆ, ಮಗೂನ ಕಂಡರೆ ಎದ್ದು ಹೋಗ್ತಾನೆ.

ನಿನ್ನ ಭಾವ ಗೊಯೋ ಕಾಫಿ ಬಿಡಿಸೋಕೆ ಅಂತ ಗಡಿ ದಾಟಿ ಹೋಂಡುರಾಸ್‌ವರೆಗೂ ಹೋಗಿ ಬಂದರು. ಕಾಫಿಗೆ ಬೆಲೆಯೇ ಇಲ್ವಂತೆ. ಹಣ್ಣು ಗಿಡದಲ್ಲೇ ಒಣಗಲಿ, ಬಿಡಿಸೋ ಕೂಲಿ ಕೂಡ ಹುಟ್ಟಲ್ಲ ಅಂತ ತೋಟದವರು ಗೇಟು ಹಾಕಿಬಿಟ್ಟಿದ್ದಾರೆ. ಹಿಂಗಾರಿನ ಕಾಳೂ ಕೈಗೆ ಹತ್ತಲಿಲ್ಲ.

ಆರೋಗ್ಯ ಕೇಂದ್ರದ ನರ್ಸು ಬಂದು ಮಾವಿನಮರಕ್ಕೆ ತಕ್ಕಡಿ ಕಟ್ಟಿ ಮಕ್ಕಳನ್ನೆಲ್ಲ ತೂಗಿದಳು. ತಿನೋ ಜೋಲಿಯಲ್ಲಿ ಕೂತು ರಾಜನ ಥರ ಕೈ ಬೀಸಿದ. ಆದರೆ ತೂಕ ಕಮ್ಮಿ ಬಂತು. ಕಮ್ಮಿ ಬಂದ ಮಕ್ಕಳಿಗೆ ಒಂದು ಚೀಲ ಗಂಜಿ ಹಿಟ್ಟು ಕೊಟ್ಟರು. ಇಸ್ಕೊಳ್ಳೋವಾಗ ನಾಚಿಕೆ ಆಯ್ತು ಲಿಂದಾ, ಮನೆಗೆ ತಂದ ಮೇಲೆ ಆಗಲಿಲ್ಲ.

ರಾಜಧಾನಿಯಲ್ಲಿ ನಿನ್ನ ಕೆಲಸ ಏನು ಅಂತ ಅತ್ತೆ ಕೇಳ್ತಾನೇ ಇರ್ತಾರೆ. ಮಕ್ಕಳ ತೂಕ ಎಲ್ಲಾ ಬರೆದು ಇಡೋ ಕೆಲಸ ಅಂದೆ. "ಬರೆದರೆ ತೂಕ ಬರುತ್ತಾ?" ಅಂದರು. ನಾನು ಬಿದ್ದೂ ಬಿದ್ದೂ ನಕ್ಕೆ. ನೀನು ಉತ್ತರ ಕೊಡು, ಓದಿ ಹೇಳ್ತೀನಿ.

ನಿನ್ನ ಅಕ್ಕ,
ಓಬ್ದೂಲಿಯಾ


ಗ್ವಾತೆಮಾಲಾ ನಗರ
ಮಾರ್ಚ್ 30, 2001

ಪ್ರೀತಿಯ ಅಕ್ಕ,

ನನ್ನ ಮೂಗು ಬಂದ ಮಗಳಿಗೆ ನೂರು ಮುತ್ತು. ಆ ಮೂಗಿನಿಂದಲೇ ನಾನು ಇಲ್ಲಿವರೆಗೆ ಬಂದಿದ್ದು ಅಂತ ಅವಳಿಗೆ ಹೇಳು.

ನಿಮ್ಮ ಅತ್ತೆಗೆ ನನ್ನ ಉತ್ತರ ಇದು. ಬರೆದರೆ ತೂಕ ಬರೋದಿಲ್ಲ, ನಿಜ. ಆದರೆ ಬರೆಯದೆ ಹೋದರೆ ಯಾವ ಊರಿಗೆ ಹಿಟ್ಟು ಕಳಿಸಬೇಕು ಅಂತ ಇಲ್ಲಿರೋವರಿಗೆ ಗೊತ್ತಾಗೋದಾದರೂ ಹೇಗೆ? ದೇಶದ ಮೂಲೆ ಮೂಲೆಯಿಂದ ನಮ್ಮ ಕಚೇರಿಗೆ ಕಾಗದದ ಕಟ್ಟು ಬರುತ್ತೆ. ಯಾವ ಊರಲ್ಲಿ ಎಷ್ಟು ಮಕ್ಕಳನ್ನು ತೂಗಿದರು, ಎಷ್ಟು ಮಕ್ಕಳು ಸೊರಗಿದ್ದಾರೆ, ಎಲ್ಲ ಅದರಲ್ಲಿರುತ್ತೆ. ನಾವು ಅದನ್ನೆಲ್ಲ ಕಂಪ್ಯೂಟರಿಗೆ ಹಾಕ್ತೀವಿ. ಕೊನೆಗೆ ಒಂದು ದೊಡ್ಡ ನಕ್ಷೆ ಆಗಿ ಹೊರಗೆ ಬರುತ್ತೆ. ಮಕ್ಕಳು ಕಷ್ಟದಲ್ಲಿರೋ ತಾಲೂಕು ಕೆಂಪು, ನಡುವಿನದು ಹಳದಿ, ಪರವಾಗಿಲ್ಲ ಅನ್ನೋದು ಹಸಿರು. ಹಿಟ್ಟಿನ ಲಾರಿ ಹೊರಡೋದು ಆ ನಕ್ಷೆ ನೋಡಿಕೊಂಡೇ.

ಈ ವಾರ ಹೊಸ ನಕ್ಷೆ ಗೋಡೆಗೆ ಹಾಕಿದರು. ಎಲ್ಲರಿಗಿಂತ ಮೊದಲು ಹೋಗಿ ನಮ್ಮ ತಾಲೂಕು ಸಾಂತಾ ಬ್ರೀಗಿದಾ ಹುಡುಕಿದೆ. ಅಕ್ಕಾ, ಹಸಿರು! ಸುತ್ತಮುತ್ತ ಎಲ್ಲ ಕೆಂಪು ಹಳದಿ, ನಡುವೆ ನಮ್ಮದೊಂದು ಎಲೆ ಥರ ಹಸಿರು. ಮೇಲಧಿಕಾರಿ ದೊನ್ಯಾ ಎಲ್ವೀರಾ ಪಕ್ಕದಲ್ಲೇ ನಿಂತಿದ್ದರು. "ನಿಮ್ಮೂರಾ? ನಿಮ್ಮೂರ ಅಮ್ಮಂದಿರು ಗಟ್ಟಿ ಕಣ್ರೀ" ಅಂದರು. ನನಗೆ ಎಷ್ಟು ಹೆಮ್ಮೆಯಾಯ್ತು ಗೊತ್ತಾ? ಅವತ್ತು ಊಟಕ್ಕೆ ಜೊತೆಯವರಿಗೆಲ್ಲ ನಾನೇ ಜ್ಯೂಸ್ ಕೊಡಿಸಿದೆ.

ತಿನೋಗೆ ಒಂದು ಜೊತೆ ಬೂಟು ಕಳಿಸಿದ್ದೀನಿ. ನೀಲಿ ಬಣ್ಣದ್ದು. ಸ್ವಲ್ಪ ದೊಡ್ಡದಾಗಬಹುದು, ಬೆಳೀತಾನಲ್ಲ.

ನಿನ್ನ ತಂಗಿ,
ಎರ್ಮೆಲಿಂದಾ


ಲಾ ಪ್ಯೆದ್ರೋನಾ
ಮೇ 20, 2001

ಲಿಂದಾ,

ಬೂಟು ಸಿಕ್ತು. ದೊಡ್ಡದೇ. ಆದರೂ ಬಿಚ್ಚೋಕೆ ಬಿಡಲ್ಲ, ಹಾಕ್ಕೊಂಡೇ ಮಲಗ್ತಾನೆ.

ನಿನ್ನ ಕಾಗದ ಓದಿ ಹೇಳಿದೆ. ಅತ್ತೆ ಎದ್ದು ಹೊರಗೆ ಹೋಗಿ ಗುಡ್ಡ ನೋಡಿ ಬಂದು "ಎಲ್ಲಿ ಹಸಿರು? ಮಳೆ ಬಂದು ಹುಟ್ಟಿದ ಜೋಳ ಕೂಡ ಸುರುಟಿ ಹೋಗ್ತಿದೆ" ಅಂದರು. ನಾನು ಆ ಹಸಿರಲ್ಲ ಅಂತ ಹೇಳಿದೆ. ಹೇಳ್ತಾ ಹೇಳ್ತಾ ನನಗೂ ಅದು ಯಾವ ಹಸಿರು ಅಂತ ಗೊತ್ತಾಗಲಿಲ್ಲ.

ತಂಗಿ, ಹಿಟ್ಟು ನಿಂತು ಹೋಯ್ತು. ಕೇಳೋಕೆ ಕೆಳಗಿನ ಪಟ್ಟಣಕ್ಕೆ ಹೋದ್ವಿ, ನಮ್ಮ ಮೇಲಿನ ಕೇರಿ ಹೆಂಗಸರೆಲ್ಲ. ಅಲ್ಲಿಯ ಗುಮಾಸ್ತ "ನಿಮ್ಮ ತಾಲೂಕು ಈಗ ಹಸಿರಮ್ಮ, ನಿಮಗಿಂತ ಕಷ್ಟದಲ್ಲಿರೋವರಿಗೆ ಹೋಗಬೇಕಲ್ಲ" ಅಂದ. ಜೊತೆಗೆ ಬಂದಿದ್ದ ಪಕ್ಕದ ಮನೆ ಮಾರ್ಸೆಲೀನಾ "ನಮಗಿಂತ ಕಷ್ಟದವರ ಮನೆ ತೋರಿಸಪ್ಪ, ಹೋಗಿ ಸಮಾಧಾನ ಹೇಳಿ ಬರ್ತೀವಿ" ಅಂದಳು.

ಇನ್ನೊಂದು ಹೇಳಬೇಕು. ಫೆಬ್ರವರಿ ಆದ ಮೇಲೆ ಇಲ್ಲಿ ಯಾರೂ ಯಾವ ಮಗೂನೂ ತೂಗಿಲ್ಲ. ಆ ನರ್ಸು ಮಕ್ಕಳನ್ನ ತೂಗಿದ ವಾರವೇ ವರ್ಗ ಆಗಿ ಹೋದಳು. ಅವಳ ಜಾಗಕ್ಕೆ ಯಾರೂ ಬಂದಿಲ್ಲ, ಕೇಂದ್ರಕ್ಕೆ ಬೀಗ. ಹಾಗಿದ್ದರೆ ನಮ್ಮ ಮಕ್ಕಳು ಚೆನ್ನಾಗಿದ್ದಾರೆ ಅಂತ ನಿನಗೆ ಬರೆದು ಕಳಿಸಿದವರು ಯಾರು?

ತಿನೋ ರಚ್ಚೆ ಹಿಡೀತಾನೆ. ಎತ್ತಿಕೊಂಡರೂ ಅಳು, ಇಳಿಸಿದರೂ ಅಳು. ರೊಟ್ಟಿ ಕೊಟ್ಟರೆ ಕೈಯಲ್ಲಿ ಹಿಡ್ಕೊಂಡು ಸುಮ್ಮನೆ ಕೂರ್ತಾನೆ. ಕೂದಲು ತೆಳ್ಳಗಾಗಿ ಕೆಂಚಗಾಗಿದೆ, ಮುಸುಕಿನ ಜೋಳದ ತೆನೆ ರೇಷ್ಮೆ ಇರುತ್ತಲ್ಲ ಹಾಗೆ. "ನಮ್ಮನೇಲೂ ಒಬ್ಬ ಅಮೆರಿಕದ ಗ್ರಿಂಗೊ ಹುಟ್ಟಿದ" ಅಂತ ಗೊಯೋ ತಮಾಷೆ ಮಾಡ್ತಾರೆ. ನಾನು ನಗ್ತೀನಿ.

ಓಬ್ದೂಲಿಯಾ


ಗ್ವಾತೆಮಾಲಾ ನಗರ
ಜೂನ್ 24, 2001

ಅಕ್ಕ,

ನೀನು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ಬರೆಯೋಕೆ ಕೈ ಬರ್ತಿಲ್ಲ.

ಯಾರೂ ಬರೆದು ಕಳಿಸಿಲ್ಲ. ನಿಮ್ಮ ನರ್ಸು ಫೆಬ್ರವರಿ ತೂಕ ಕಳಿಸೋ ಮುಂಚೆಯೇ ಹೋಗಿಬಿಟ್ಟಿದ್ದಾಳೆ, ನರ್ಸು ಇಲ್ಲದ ಊರಿನ ಕಾಗದ ಖಾಲಿ ಬಂದಿದೆ. ಕಂಪ್ಯೂಟರು ಖಾಲಿ ಜಾಗ ಕಂಡರೆ ಸೊನ್ನೆ ಅಂತ ಓದಿಕೊಳ್ಳುತ್ತೆ. ಸೊರಗಿದ ಮಕ್ಕಳು ಸೊನ್ನೆ. ಕೆಳಗಿನ ಪಟ್ಟಣದಲ್ಲಿ, ಬಸ್ಸು ಓಡಾಡೋ ಕಡೆ, ಮಕ್ಕಳನ್ನು ತೂಗಿದ್ದಾರೆ. ಅವರು ಪರವಾಗಿಲ್ಲ. ಗುಡ್ಡದ ಮೇಲಿನ ಕೇರಿಗಳೆಲ್ಲ ಸೊನ್ನೆ. ಎಲ್ಲ ಸೇರಿಸಿ ಭಾಗಿಸಿದರೆ ಹಸಿರು. ಕಳೆದ ವರ್ಷವೂ ಮೇಲಿನ ಅರ್ಧ ಕೇರಿಗಳ ಕಾಗದ ಹೀಗೇ ಖಾಲಿ. ನಾನು ಜ್ಯೂಸ್ ಕೊಡಿಸಿದ್ದು ಆ ಹಸಿರಿಗೆ.

ದೊನ್ಯಾ ಎಲ್ವೀರಾ ಕೆಟ್ಟವರಲ್ಲ. ತೋರಿಸಿದಾಗ ಅವರ ಮುಖ ಬಿಳಿಚಿಕೊಂಡಿತು. "ಇದೊಂದು ತಾಲೂಕಾ, ಇನ್ನೂ ಇವೆಯಾ?" ಅಂದರು. "ಇನ್ನೂ ಇರಬೇಕು ಮೇಡಂ" ಅಂದೆ. ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತರು. ಆದರೆ ಅಚ್ಚಾದ ನಕ್ಷೆ ಅಚ್ಚಾಯಿತು, ಮುಂದಿನದು ಬರೋದು ವರ್ಷದ ಕೊನೆಗಂತೆ. ಅದಕ್ಕೂ ಮುಂಚೆ ಬಣ್ಣ ಬದಲಾಯಿಸಬೇಕು ಅಂದರೆ ಯಾರಾದರೂ ಊರಿಗೆ ಹೋಗಿ ಅಳೆದು ತರಬೇಕು. "ಅಲ್ಲಿ ಮಕ್ಕಳು ಸೊರಗಿದ್ದಾರೆ ಅಂತ ನನ್ನ ಅಕ್ಕ ಬರೆದಿದ್ದಾಳೆ" ಅಂದೆ. "ಅಕ್ಕ ಬರೆದದ್ದನ್ನ ನಕ್ಷೆಗೆ ಹಾಕೋಕಾಗಲ್ಲಮ್ಮ" ಅಂದರು. ಅವರಿಗೂ ಅದನ್ನು ಹೇಳೋದು ಕಷ್ಟವಾಯಿತು.

ಒಂದು ಕೆಲಸ ಮಾಡಿಸಿದ್ದೀನಿ. ನಿಮ್ಮ ಕೇಂದ್ರಕ್ಕೆ ಹೊಸ ನರ್ಸನ್ನು ಹಾಕಿಸಿ ಅಂತ ಮೇಜಿಂದ ಮೇಜಿಗೆ ಅಲೆದೆ. ಮುಂದಿನ ತಿಂಗಳು ಬರ್ತಾಳಂತೆ. ಬಂದ ದಿನವೇ ತಿನೋನ ಕರ್ಕೊಂಡು ಹೋಗು. ನನ್ನ ಆಣೆ.

ನಿನ್ನ
ಲಿಂದಾ


ಲಾ ಪ್ಯೆದ್ರೋನಾ
ಆಗಸ್ಟ್ 12, 2001

ನನ್ನ ಚಿನ್ನದಂಥ ತಂಗಿ,

ಈ ಕಾಗದ ಬರೆಯೋವಾಗ ನಾನು ಹಾಡ್ಕೊಂಡು ಕೂತಿದ್ದೀನಿ ಅಂದರೆ ನಂಬ್ತೀಯಾ?

ನೀನು ಕಳಿಸಿದ ನರ್ಸು ಬಂದಳು. ಚಿಕ್ಕ ಹುಡುಗಿ, ಓದು ಈಗಷ್ಟೇ ಮುಗಿಸಿದ್ದಾಳೆ, ಮಕ್ಕಳನ್ನ "ರಾಜಾ, ಬಂಗಾರಿ" ಅಂತ ಮಾತಾಡಿಸ್ತಾಳೆ. ನಮ್ಮನೇದು ಹೇಳ್ತೀನಿ ಕೇಳು. ತಿನೋ ದಪ್ಪ ಆಗಿದ್ದಾನೆ! ಹೌದು, ನಮ್ಮ ತಿನೋನೇ. ಎರಡು ವಾರದಿಂದ ಕೆನ್ನೆ ತುಂಬಿಕೊಂಡು, ಕಣ್ಣು ಸಣ್ಣಗಾಗಿ, ಥೇಟ್ ಪಟ್ಟಣದ ಸಾಹುಕಾರರ ಮಗುವಿನ ಹಾಗೆ ಕಾಣ್ತಾನೆ. ಕೈ ಮೇಲೆ ಗುಳಿ ಬೀಳುತ್ತೆ. ಕಾಲಂತೂ ಗುಂಡು ಗುಂಡು. ನೀನು ಕಳಿಸಿದ ಬೂಟು ಈಗ ಕಾಲಿಗೆ ಏರಲ್ಲ. ನಿನ್ನ ಮಾತೇ ನಿಜವಾಯ್ತು.

ತಕ್ಕಡಿಗೆ ಹಾಕಿದರೆ ಫೆಬ್ರವರಿಗಿಂತ ಎಷ್ಟೋ ಜಾಸ್ತಿ. ನರ್ಸು ಹಳೇ ತೂಕ ತೆಗೆದು ನೋಡಿ "ಭೇಷ್ ಅಮ್ಮಾ, ನೋಡ್ರೀ ಎಲ್ಲರೂ, ಹೀಗೆ ನೋಡ್ಕೋಬೇಕು ಮಕ್ಕಳನ್ನ" ಅಂತ ಎಲ್ಲರ ಎದುರಿಗೆ ಹೇಳಿದಳು. ನನಗೆ ಎಲ್ಲಿ ನೋಡೋದು ಅಂತ ಗೊತ್ತಾಗಲಿಲ್ಲ. ಮಾರ್ಸೆಲೀನಾ ಪಕ್ಕದಲ್ಲಿ ಬಂದು "ಗುಟ್ಟಾಗಿ ಏನು ತಿನ್ನಿಸ್ತೀಯೇ ಕಳ್ಳಿ?" ಅಂತ ಚಿವುಟಿದಳು. ಏನು ತಿನ್ನಿಸಲಿ? ಅದೇ ರೊಟ್ಟಿ, ಅದೇ ಉಪ್ಪು. ದೇವರ ದಯೆ ಅಂದೆ.

ರಚ್ಚೆನೂ ನಿಂತಿದೆ. ಈಗ ಅಳೋದೇ ಇಲ್ಲ. ಬಾಗಿಲ ಹತ್ರ ಕೂರಿಸಿದರೆ ಕೂರಿಸಿದ ಕಡೆಯೇ ಇರ್ತಾನೆ, ಎಷ್ಟು ಹೊತ್ತಾದರೂ. ಕರೆದರೆ ಮೆಲ್ಲಗೆ ಕತ್ತು ತಿರುಗಿಸಿ ನೋಡ್ತಾನೆ ಅಷ್ಟೆ. ದೊಡ್ಡೋರ ಥರ ಗಂಭೀರ. ಅತ್ತೆ ಮಾತ್ರ "ಮಗು ಇಷ್ಟು ಸುಮ್ಮನಿರಬಾರದು" ಅಂತಾರೆ. ಅವರಿಗೆ ಅತ್ತರೂ ತಪ್ಪು, ಅಳದಿದ್ದರೂ ತಪ್ಪು.

ನಿನ್ನ ಹಸಿರು ಕೊನೆಗೂ ನಮ್ಮನೆಗೆ ಬಂತು ಲಿಂದಾ.

ಮುತ್ತುಗಳೊಂದಿಗೆ,
ನಿನ್ನ ಅಕ್ಕ


ಗ್ವಾತೆಮಾಲಾ ನಗರ
ಆಗಸ್ಟ್ 20, 2001

ಅಕ್ಕಾ,

ಇದನ್ನು ಬಸ್ ಡ್ರೈವರ್ ಕೈಲಿ ಕಳಿಸ್ತಿದ್ದೀನಿ. ಕೆಳಗಿನ ಅಂಗಡಿ ದೊನ್ ಬೆತೋಗೆ ಫೋನ್ ಕೂಡ ಮಾಡಿದ್ದೀನಿ, ಅವನೇ ಹತ್ತಿ ಬಂದು ಹೇಳ್ತೀನಿ ಅಂದ. ಯಾವುದು ಮೊದಲು ಸಿಕ್ಕರೆ ಅದು.

ತಿನೋನ ಪಾದದ ಮೇಲೆ ಹೆಬ್ಬೆರಳಿಟ್ಟು ಒತ್ತು. ಸ್ವಲ್ಪ ಹೊತ್ತು ಒತ್ತಿ ಹಿಡಿದು ಬಿಡು. ಗುಳಿ ಹಾಗೇ ಉಳಿದರೆ ಅದು ಮೈ ತುಂಬಿದ್ದಲ್ಲ, ನೀರು. ಹಸಿವಿನ ಊತ. ತಕ್ಕಡಿ ತೂಗಿದ್ದು ಆ ನೀರನ್ನ. ಅವನನ್ನು ತಕ್ಷಣ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗು. ನಾಳೆ ನೋಡೋಣ ಅನ್ನಬೇಡ. ಬೆಚ್ಚಗೆ ಸುತ್ತು. ಮನೆಯಲ್ಲಿ ಒತ್ತಾಯ ಮಾಡಿ ಏನೂ ತಿನ್ನಿಸಬೇಡ, ಅಲ್ಲಿ ಡಾಕ್ಟರೇ ಕೊಡ್ತಾರೆ.

ನಾನು ಬೆಳಗಿನ ಮೊದಲ ಬಸ್ಸಿಗೆ ಹೊರಡ್ತೀನಿ.

ಲಿಂದಾ


ಗ್ವಾತೆಮಾಲಾ ನಗರ
ಸೆಪ್ಟೆಂಬರ್ 16, 2001

ಅಕ್ಕ,

ಅವತ್ತು ತಿನೋನ ಶವಪೆಟ್ಟಿಗೆ ಮುಂದೆ ನೀನು "ನಿನ್ನ ಹಸಿರು ತಗೊಂಡು ಇಲ್ಲಿಂದ ಹೋಗು" ಅಂದೆ. ನಾನು ಹೋದೆ. ಮಣ್ಣಿಗೆ ಕೂಡ ನಿಲ್ಲಲಿಲ್ಲ. ನಿಲ್ಲಬೇಕಾಗಿತ್ತು. ನೀನು ಬೈದರೂ, ಹೊಡೆದರೂ ಅಲ್ಲೇ ಒಂದು ಮೂಲೆಯಲ್ಲಿ ಕೂತಿರಬೇಕಾಗಿತ್ತು. ನಿಮ್ಮ ಅತ್ತೆ ಗುಡ್ಡದ ತಿರುವಿನವರೆಗೂ ಹಿಂದೆ ಬಂದು ರೊಟ್ಟಿ ಕಟ್ಟಿಕೊಟ್ಟರು.

ನಿನಗೆ ಒಂದು ವಿಷಯ ಗೊತ್ತಿರಬೇಕು. ಆಗಸ್ಟಿನ ನಿನ್ನ ಕಾಗದ ಬಂದಾಗ ನನಗೂ ಗೊತ್ತಾಗಿರಲಿಲ್ಲ. ನನಗೂ ಖುಷಿಯೇ ಆಗಿತ್ತು. ಊಟದ ಮೇಜಿನಲ್ಲಿ ಜೊತೆಯವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದೆ. ಬೂಟು ಕಾಲಿಗೆ ಏರಲ್ಲ ಅನ್ನೋದು ಕೇಳಿ ಎಲ್ಲರೂ ನಕ್ಕರು. ನಮ್ಮ ಕಚೇರಿಯ ಮಕ್ಕಳ ಡಾಕ್ಟರಮ್ಮ ಒಬ್ಬರು ನಗಲಿಲ್ಲ. ಚಮಚ ಕೆಳಗಿಟ್ಟು "ಕೂದಲ ಬಣ್ಣ ಹೇಗಿದೆಯಂತೆ?" ಅಂದರು. ಕೆಂಚಗೆ ಅಂದೆ. "ಅಳ್ತಾನಾ?" ಇಲ್ಲ ಅಂದೆ. "ಯಾರಾದರೂ ಪಾದ ಒತ್ತಿ ನೋಡಿದ್ದಾರಾ?" ಅಂದರು. ಆಮೇಲೆ ನಾನು ಫೋನಿಗೆ ಓಡಿದೆ.

ಈಗ ಹೇಳೋದನ್ನ ಹೇಗೆ ಹೇಳಬೇಕೋ ಗೊತ್ತಿಲ್ಲ. ನಮ್ಮ ತಾಲೂಕಿನ ಆಗಸ್ಟ್ ತಿಂಗಳ ಕಾಗದ ಮೊನ್ನೆ ನನ್ನ ಮೇಜಿಗೆ ಬಂತು. ತೂಗಿದ ಮಕ್ಕಳ ಪಟ್ಟಿಯಲ್ಲಿ ಫೌಸ್ತಿನೋ ಅಂತ ತಿನೋನ ಪೂರ್ತಿ ಹೆಸರಿದೆ, ಮುಂದೆ "ಚೇತರಿಸಿಕೊಂಡಿದ್ದಾನೆ" ಅಂತ ಬರೆದಿದೆ. ಸತ್ತ ಮಕ್ಕಳ ಪಟ್ಟಿಯಲ್ಲೂ ಇದ್ದಾನೆ. ಕಾರಣ, ಭೇದಿ. ಹಸಿವಿನಿಂದ ಸತ್ತ ಮಕ್ಕಳು ಎಷ್ಟು ಅನ್ನೋ ಜಾಗದಲ್ಲಿ ಈ ಸಲ ಖಾಲಿ ಬಿಟ್ಟಿಲ್ಲ. ಕೈಯಿಂದಲೇ ಸೊನ್ನೆ ಬರೆದಿದ್ದಾರೆ.

ದೊನ್ಯಾ ಎಲ್ವೀರಾ ಹತ್ತಿರ ತಗೊಂಡು ಹೋದೆ. ಸಾವಿನ ಕಾರಣ ತಿದ್ದಬೇಕಾದರೆ ತಾಯಿ ಬಂದು ಪಟ್ಟಣದ ಆರೋಗ್ಯಾಧಿಕಾರಿ ಮುಂದೆ ಹೇಳಿಕೆ ಕೊಡಬೇಕಂತೆ. ತಿದ್ದಿದರೆ, ಹಸಿವಿನ ಸಾವು ಒಂದೇ ಆದರೂ, ಆ ಊರಿಗೆ ಅಳೆಯೋ ತಂಡ ಕಳಿಸಲೇಬೇಕು ಅಂತ ನಿಯಮ ಇದೆಯಂತೆ. ಮುಂದಿನ ನಕ್ಷೆವರೆಗೆ ಕಾಯೋ ಹಾಗಿಲ್ಲ.

ಅಕ್ಕ, ನಾನು ಕೇಳಬಾರದ್ದನ್ನ ಕೇಳ್ತಿದ್ದೀನಿ. ಹೋಗಿ ಹೇಳಿಕೆ ಕೊಡ್ತೀಯಾ?

ಲಿಂದಾ


ಗ್ವಾತೆಮಾಲಾ ನಗರ
ಅಕ್ಟೋಬರ್ 7, 2001

ಅಕ್ಕ,

ನಿನ್ನಿಂದ ಕಾಗದ ಇಲ್ಲ. ಬರೆಯಬೇಕು ಅಂತೇನೂ ಇಲ್ಲ. ಹೇಳಿಕೆಯ ಮಾತು ಮರೆತುಬಿಡು, ಅದನ್ನ ಕೇಳಿದ್ದಕ್ಕೆ ಕ್ಷಮಿಸು.

ನ್ಯೆವೆಸ್ ಹೇಗಿದ್ದಾಳೆ ಅಂತ ಮಾತ್ರ ತಿಳಿಸು. ನೀನು ಬರೆಯದಿದ್ದರೆ ದೊನ್ ಬೆತೋ ಹತ್ತಿರ ಹೇಳಿ ಕಳಿಸು. ಇಲ್ಲಿಂದ ಪ್ರತಿ ಸಂಜೆ ಅವನ ಅಂಗಡಿಗೆ ಫೋನ್ ಮಾಡ್ತೀನಿ. "ಏನೂ ಸುದ್ದಿ ಇಲ್ಲಮ್ಮ" ಅಂತಾನೆ. ಏನೂ ಸುದ್ದಿ ಇಲ್ಲ ಅಂದರೆ ಎಲ್ಲ ಚೆನ್ನಾಗಿದೆ ಅಂತ ಅಂದುಕೊಳ್ಳೋಕೆ ನನಗೆ ಇನ್ನು ಯಾವತ್ತೂ ಆಗೋದಿಲ್ಲ.

ಲಿಂದಾ


ಲಾ ಪ್ಯೆದ್ರೋನಾ
ನವೆಂಬರ್ 4, 2001

ಲಿಂದಾ,

ನ್ಯೆವೆಸ್ ಚೆನ್ನಾಗಿದ್ದಾಳೆ. ಹಾಲು ಕುಡೀತಾಳೆ. ದಿನಾ ಅವಳ ಪಾದ ಒತ್ತಿ ನೋಡ್ತೀನಿ. ಆಟ ಅಂತ ಅಂದ್ಕೊಂಡು ನಗ್ತಾಳೆ.

ಇಷ್ಟು ದಿನ ಬರೆಯೋಕೆ ಆಗಲಿಲ್ಲ. ನಿನ್ನ ಮೇಲಿನ ಸಿಟ್ಟಿಗಲ್ಲ. ಅವತ್ತು ಆ ಮಾತು ನಿನ್ನ ಮೇಲೆ ಬಿತ್ತು, ಯಾಕಂದರೆ ಬೀಳೋಕೆ ಅಲ್ಲಿ ಬೇರೆ ಯಾರೂ ಇರಲಿಲ್ಲ. ಗೊಯೋ ಅಳ್ತಾ ಇದ್ದರು. ಅತ್ತೆ ತಿನೋನ ತಲೆ ಬಾಚ್ತಾ ಇದ್ದರು. ನೀನೊಬ್ಬಳೇ ಬಾಗಿಲಲ್ಲಿ ನಿಂತಿದ್ದೆ, ನಗರದ ಬಟ್ಟೆ ಹಾಕ್ಕೊಂಡು.

ನಿನ್ನ ಫೋನ್ ಬಂದ ದಿನದ ಬಗ್ಗೆ ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ಹೇಳ್ತೀನಿ. ದೊನ್ ಬೆತೋ ಅಷ್ಟು ದಪ್ಪ ಮನುಷ್ಯ, ಗುಡ್ಡ ಹತ್ತಿ ಏದುಸಿರು ಬಿಡ್ತಾ ಬಂದು "ಪಾದ ಒತ್ತಬೇಕಂತೆ, ಪಾದ ಒತ್ತಬೇಕಂತೆ" ಅಂತ ಅಂಗಳದಲ್ಲೇ ಕುಸಿದು ಕೂತ. ನಾನು ಒತ್ತಿದೆ. ಬೆರಳು ತೆಗೆದೆ. ಕಲಸಿದ ಹಿಟ್ಟಿನ ಮೇಲೆ ಬೆರಳಿಟ್ಟರೆ ಆಗುತ್ತಲ್ಲ, ಹಾಗೇ ಉಳೀತು ಗುಳಿ. ಅತ್ತೆ ನೋಡಿ ಬಾಯಿಗೆ ಶಾಲು ಒತ್ತಿಕೊಂಡರು. ಅವನನ್ನ ಬೆನ್ನಿಗೆ ಕಟ್ಟಿಕೊಂಡು ಇಳಿದೆ. ಎಷ್ಟು ಭಾರ ಇದ್ದ ಗೊತ್ತಾ ಲಿಂದಾ. ಹುಟ್ಟಿದಾಗಿಂದ ಯಾವತ್ತೂ ಅಷ್ಟು ಭಾರ ಇರಲಿಲ್ಲ.

ಆಸ್ಪತ್ರೆಯಲ್ಲಿ ಒಳ್ಳೆಯವರೇ ಇದ್ದರು. ಡಾಕ್ಟರು ರಾತ್ರಿಯೆಲ್ಲ ಪಕ್ಕದಲ್ಲೇ ಇದ್ದ. ಒಂದು ವಾರದ ಹಿಂದೆ ಬಂದಿದ್ದರೆ ಅಂದ, ಆಮೇಲೆ ನನ್ನ ಮುಖ ನೋಡಿ ಆ ಮಾತು ಅಲ್ಲಿಗೇ ಬಿಟ್ಟ. ಒಂದು ವಾರದ ಹಿಂದೆ ನಾನು ನಿನಗೆ ಕಾಗದ ಬರೀತಾ ಕೂತಿದ್ದೆ. ಹಾಡ್ತಾ ಇದ್ದೆ. ಎಲ್ಲಾ ತಡ್ಕೋತೀನಿ, ಅದೊಂದನ್ನ ತಡ್ಕೊಳ್ಳೋಕೆ ಆಗಲ್ಲ. ನನ್ನ ಮಗು ಸಾಯ್ತಾ ಇತ್ತು, ನಾನು ಖುಷಿಯಾಗಿದ್ದೆ.

ನಿನ್ನ ಸೆಪ್ಟೆಂಬರ್ ಕಾಗದ ಓದಿ ಒಲೆಗೆ ಹಾಕಿದೆ. ಸತ್ತ ಮೇಲೂ ಅವನನ್ನ ತೂಗ್ತೀಯಾ ಅನ್ನಿಸಿತು. ಆಮೇಲೆ ಒಂದು ದಿನ ನೀರಿನ ಹತ್ರ ಮಾರ್ಸೆಲೀನಾ ಸಿಕ್ಕಳು. ನನ್ನ ಎದುರು ಖುಷಿ ಪಡೋಕೆ ಅವಳಿಗೆ ಸಂಕೋಚ. ಆದರೂ ಬಾಯಿ ತಡೀಲಿಲ್ಲ. "ನಮ್ಮ ಚೋನಿತಾ ಈಗ ಸ್ವಲ್ಪ ಮೈ ಹಿಡೀತಿದ್ದಾಳೆ ಕಣೇ" ಅಂದಳು. ನಾನು ಕೊಡ ಅಲ್ಲೇ ಬಿಟ್ಟು ಅವರ ಮನೆಗೆ ಓಡಿದೆ. ಮಗು ಮಲಗಿತ್ತು. ಕಾಲು ಹಿಡಿದು ಒತ್ತಿದೆ. ಹಿಂದೆ ಬಂದ ಮಾರ್ಸೆಲೀನಾ "ಯಾಕೆ, ಯಾಕೆ ಅವಳನ್ನ ಮುಟ್ತೀಯಾ" ಅಂತ ಕಿರುಚಿದಳು. ಗುಳಿ ತೋರಿಸಿದೆ.

ಚೋನಿತಾ ಆಸ್ಪತ್ರೆಯಿಂದ ವಾಪಸ್ ಬಂದಳು. ತೆಳ್ಳಗೆ, ಮೂಳೆ ಚಕ್ಕಳ ಆಗಿ, ಗಟ್ಟಿಯಾಗಿ ಅಳ್ತಾ ಬಂದಳು. ಊರೆಲ್ಲ ಕೇಳೋ ಹಾಗೆ ಅಳು. ಎಲ್ಲರೂ ಹೊರಗೆ ಬಂದು ನಿಂತು ಆ ಅಳು ಕೇಳಿದರು. ನಾನು ಒಳಗೆ ಹೋಗಿ ಬಾಗಿಲು ಹಾಕ್ಕೊಂಡೆ. ಆ ಮಗು ಬದುಕಲಿ ಅಂತ ನಾನೇ ಓಡಿದ್ದು, ಆದರೂ ಆ ಅಳು ಕೇಳೋಕೆ ನನಗೆ ಆಗಲಿಲ್ಲ.

ಮಾರನೇ ದಿನ ಪಟ್ಟಣಕ್ಕೆ ಹೋದೆ. ಆರೋಗ್ಯಾಧಿಕಾರಿ ಕಾಗದ ನೋಡಿ "ಭೇದಿ ಅಂತ ಬರೆದಿದೆಯಲ್ಲಮ್ಮ. ಭೇದಿ ಆಗಿತ್ತಲ್ವಾ?" ಅಂದ.

"ಆಗಿತ್ತು."

"ಮತ್ತೆ?"

"ನಿಮಗೆ ಯಾವತ್ತೂ ಆಗಿಲ್ವಾ ಸ್ವಾಮಿ? ನೀವು ಸತ್ತಿಲ್ವಲ್ಲ" ಅಂದೆ.

ಗೊಯೋ ನನ್ನ ಕೈ ಹಿಡಿದು ಎಳೆದರು. ಆ ಮನುಷ್ಯ ಪೆನ್ನು ಕೈಗೆ ತಗೊಂಡು, "ಏನಂತ ಬರೀಲಿ ಹೇಳಿ" ಅಂದ. ಹಸಿವು ಅಂತ ಬರೀರಿ ಅಂದೆ. ಹಾಗಂತ ಬರೆಯೋಕೆ ಜಾಗ ಇಲ್ಲ ಅಂದ. ಆಮೇಲೆ ಏನೋ ಉದ್ದದ ಮಾತು ಬರೆದು ಓದಿ ಹೇಳಿದ. ಇದಕ್ಕೆ ಅರ್ಥ ಹಸಿವೇನಾ ಅಂತ ಕೇಳಿದೆ. "ಹೌದಮ್ಮ, ಅದೇ" ಅಂದ. ಸಹಿ ಹಾಕಿದೆ.

ಅಳೆಯೋ ತಂಡ ಬಂತು, ನಿನಗೆ ಗೊತ್ತೇ ಇರುತ್ತೆ. ಮಕ್ಕಳನ್ನ ಹಲಗೆ ಮೇಲೆ ಮಲಗಿಸಿ ಉದ್ದ ಅಳೆದರು, ತೋಳಿಗೆ ಬಣ್ಣದ ಪಟ್ಟಿ ಸುತ್ತಿದರು, ಪಾದಾನೂ ಒತ್ತಿದರು. ಆ ಚಿಕ್ಕ ನರ್ಸು ಹುಡುಗಿ ನನ್ನ ಹತ್ರ ಬಂದು ನಿಂತಳು. ಏನೋ ಹೇಳೋಕೆ ಬಾಯಿ ತೆಗೆದು ಅಳೋಕೆ ಶುರು ಮಾಡಿದಳು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಲಿಂದಾ. ನನ್ನ ಮಗಳ ವಯಸ್ಸಲ್ಲದಿದ್ದರೂ ತಂಗಿ ವಯಸ್ಸು. ತಬ್ಬಿಕೊಂಡೆ. ನಿನ್ನನ್ನ ಅವತ್ತು ತಬ್ಬಿಕೊಳ್ಳಲಿಲ್ಲ, ಅದೂ ನೆನಪಾಯ್ತು.

ನಾವು ಕೆಂಪು ಆದ್ವಂತೆ. ಲಾರಿ ಬಂತು. ಈಗ ಪ್ರತಿ ಮನೆಯಲ್ಲೂ ಹಿಟ್ಟಿದೆ. ಗೊಯೋಗೂ ರಸ್ತೆ ಕೆಲಸ ಸಿಕ್ಕಿದೆ. ಮಾರ್ಸೆಲೀನಾ ಒಂದು ಕೋಳಿ ತಂದು ಅಂಗಳದಲ್ಲಿ ಬಿಟ್ಟು ಹೋದಳು.

ಈ ವಾರ ಸತ್ತವರಿಗೆ ಎಡೆ ಇಡೋ ತ್ಸಿಕಿನ್ ಹಬ್ಬ. ತೀರಿಹೋದ ಪುಟ್ಟ ಮಕ್ಕಳು ದೊಡ್ಡವರಿಗಿಂತ ಒಂದು ದಿನ ಮೊದಲೇ ಬರ್ತಾರಲ್ಲ, ಅದಕ್ಕೇ ಮುಂಚಿನ ದಿನದಿಂದಲೇ ನಾನೂ ಅತ್ತೆನೂ ಒಲೆ ಮುಂದೆ ಕೂತ್ವಿ. ಬಾಳೆ ಎಲೆಯಲ್ಲಿ ಜೋಳದ ಹಿಟ್ಟಿನ ತಮಾಲೆ ಕಟ್ಟಿದ್ವಿ, ಕುಂಬಳಕಾಯಿ ಬೆಲ್ಲದಲ್ಲಿ ಬೇಯಿಸಿದ್ವಿ, ಕೋಳಿ ಸಾರು ಮಾಡಿದ್ವಿ. ಅಪ್ಪಂಗೆ ಸಕ್ಕರೆ ಹಾಕದ ಕಾಫಿ, ಅಮ್ಮಂಗೆ ಮೆತ್ತಗಿನ ಸಿಹಿ ರೊಟ್ಟಿ, ಮಾವಂಗೆ ಚುಟ್ಟ. ಅವರವರಿಗೆ ಇಷ್ಟವಾದದ್ದನ್ನೇ ಇಡಬೇಕಲ್ಲ. ಎಲ್ಲಾ ಜೋಡಿಸಿ ಆದ ಮೇಲೆ ಅತ್ತೆ ಒಂದು ಪುಟ್ಟ ಬಟ್ಟಲು ತೊಳೆದು ತಂದು, "ತಿನೋಗೆ ಏನಿಷ್ಟ ಆಗ್ತಿತ್ತು, ಹೇಳು, ಹಾಕ್ತೀನಿ" ಅಂದರು.

ನನಗೆ ಹೇಳೋಕೆ ಬರಲಿಲ್ಲ.

ಯೋಚನೆ ಮಾಡಿದೆ. ಹಾಡು ಅಂದರೆ ಇಷ್ಟ ಇತ್ತು. ನಾಯಿಮರಿ ಇಷ್ಟ. ನೀಲಿ ಬಣ್ಣ ಇಷ್ಟ. ಆದರೆ ತಿನ್ನೋದರಲ್ಲಿ? ರೊಟ್ಟಿ, ಉಪ್ಪು, ಗಂಜಿ, ಕಾಫಿ ನೀರು ಬಿಟ್ಟು ಇನ್ನೇನನ್ನ ನಾನು ಅವನ ಮುಂದೆ ಇಟ್ಟಿದ್ದೆ? ಇದು ಬೇಡ ಅದು ಬೇಕು ಅನ್ನೋಕೆ ಅವನಿಗೆ ಯಾವತ್ತು ಎರಡು ಬಟ್ಟಲು ಇತ್ತು? ಸಿಹಿ ಕುಂಬಳ ಅವನಿಗೆ ಸೇರ್ತಿತ್ತೋ ಇಲ್ವೋ ನನಗೆ ಗೊತ್ತಿಲ್ಲ. ಕೋಳಿ ಸೇರ್ತಿತ್ತೋ ಏನೋ. ಹೆತ್ತ ತಾಯಿ ನಾನು, ನನಗೇ ಗೊತ್ತಿಲ್ಲ, ಇನ್ನು ಯಾರಿಗೂ ಗೊತ್ತಾಗೋದೂ ಇಲ್ಲ.

ಅತ್ತೆ ಬಟ್ಟಲು ಹಿಡ್ಕೊಂಡು ನಿಂತೇ ಇದ್ದರು. ಅವರ ಕೈಯಿಂದ ಇಸ್ಕೊಂಡು, ಮಾಡಿದ್ದರಲ್ಲೆಲ್ಲ ಸ್ವಲ್ಪ ಸ್ವಲ್ಪ ಹಾಕಿದೆ. ಒಂದಕ್ಕೊಂದು ತಾಗದ ಹಾಗೆ ಬೇರೆ ಬೇರೆ ಇಟ್ಟೆ. ಆಮೇಲೆ ಮೇಣದಬತ್ತಿ ಹಚ್ಚಿ, ಯಾವುದನ್ನ ಮೊದಲು ಮುಟ್ತಾನೋ ನೋಡೋಣ ಅಂತ ಬಾಗಿಲ ಹತ್ರ ಕೂತೆ.

ನಿನ್ನ ಅಕ್ಕ,
ಓಬ್ದೂಲಿಯಾ